ಒಡೆದ ಪರದೆ, ಸೊಟ್ಟಗಾದ ಚೌಕಟ್ಟು

ನನ್ನ ಕಸುಬು ಕೊಳವೆಬಾವಿ ಮೋಟರುಗಳ ರೀವೈಂಡಿಂಗ್. ಕೋಲಾರದಲ್ಲಿ ಈ ಕೆಲಸಕ್ಕೆ ಎಂದೂ ಬರ ಬಂದಿಲ್ಲ. ಸಾವಿರ ಅಡಿ ದಾಟಿದ ಬಾವಿಗಳಲ್ಲಿ ಮೋಟರುಗಳು ಸುಡುತ್ತಲೇ ಇರುತ್ತವೆ, ನಾವು ತಾಮ್ರದ ತಂತಿ ಸುತ್ತುತ್ತಲೇ ಇರುತ್ತೇವೆ. ಫೋನಿಗೂ ನನಗೂ ನಂಟು ಬೆಳೆದದ್ದು ಮೊಬೈಲ್ ಸ್ಟಾರ್ಟರ್ ಬಂದ ಮೇಲೆ. ತ್ರೀ ಫೇಸ್ ಕರೆಂಟು ರಾತ್ರಿ ಯಾವ ಹೊತ್ತಿಗೆ ಬಂದರೂ ಹಾಸಿಗೆಯಿಂದ ಏಳದೆ ಒಂದು ಕರೆ ಮಾಡಿ ತೋಟದ ಮೋಟರನ್ನು ಚಾಲೂ ಮಾಡುವ ಡಬ್ಬಿ ಅದು. ಹಾಗಾಗಿ ಪರದೆ ಒಡೆದುಕೊಂಡ ಬೆಳೆಗಾರನಿಗೆ ಗಿಡಕ್ಕೆ ನೀರು ಬಿಡುವುದೂ ಕಷ್ಟ, ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸಿಗೆ ಇವತ್ತು ಏನು ರೇಟು ಎಂದು ನೋಡುವುದೂ ಕಷ್ಟ. ಸ್ಟಾರ್ಟರ್ ರಿಪೇರಿಗೆ ಬಂದವರು, "ಅಣ್ಣಾ, ಇಷ್ಟು ದೊಡ್ಡ ಮೋಟರ್ ಬಿಚ್ಚುತ್ತೀರಿ, ಇದನ್ನೂ ಒಂದು ಕೈ ನೋಡಿ" ಎಂದು ಒಡೆದ ಫೋನನ್ನು ಮುಂದೆ ಇಡತೊಡಗಿದರು. ಬೇರೆಯವರ ಫೋನು ಮುಟ್ಟುವ ಮೊದಲು ನನ್ನದನ್ನೇ ಬಿಚ್ಚಿ ಕಲಿತೆ. ಮನೆಯ ಊಟದ ಮೇಜಿನ ಮೇಲೆ, ರಾತ್ರಿ ಪಾತ್ರೆ ತೆಗೆದಾದ ಮೇಲೆ ನಡೆಯುವ ಕೆಲಸ ಇದು. ಅಂಗಡಿಯ ಮೇಜಿನಲ್ಲಿ ವಾರ್ನಿಶ್ ಮತ್ತು ತಾಮ್ರದ ಚೂರು ಇರುವುದರಿಂದ ಅಲ್ಲಿ ಫೋನು ಬಿಚ್ಚುವುದಿಲ್ಲ.

ನಮ್ಮ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ. ವಿಸ್ಟ್ರಾನ್ ಕಟ್ಟಿ, 2023ರಲ್ಲಿ ಟಾಟಾ ಕೊಂಡ ಆ ಕಾರ್ಖಾನೆಯ ಕೆಲಸಕ್ಕೆ ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಬಸ್ಸು ಹತ್ತುತ್ತಾರೆ. ಫೋನು ಮನುಷ್ಯರ ಕೈಯಲ್ಲೇ ಜೋಡಣೆಯಾಗುವ ವಸ್ತು ಎಂಬುದು ನಮಗಲ್ಲದೆ ಇನ್ನು ಯಾರಿಗೆ ಗೊತ್ತಿರಬೇಕು? ಆದರೂ ಹಿಂದಿನ ಮುಚ್ಚಳ ತೆಗೆದರೆ ಏನೋ ಸಿಡಿದೇಬಿಡುತ್ತದೆ ಎಂಬ ಹೆದರಿಕೆ ಮನೆಮನೆಯಲ್ಲಿದೆ. ಬ್ಯಾಟರಿಯ ಮಟ್ಟಿಗೆ ಆ ಹೆದರಿಕೆ ಇರಲಿ, ಒಳ್ಳೆಯದೇ. ಉಳಿದದ್ದಕ್ಕೆ ಬೇಕಾಗಿಲ್ಲ. ಪರದೆ ಬದಲಿಸುವ ಕೆಲಸದಲ್ಲಿ ಹಳೆಯದನ್ನು ಕೀಳುವುದು, ಹೊಸದನ್ನು ಕೂರಿಸುವುದು ಇವೆರಡೂ ಸಣ್ಣ ಪಾಲು. ಮುಕ್ಕಾಲು ಕೆಲಸ ಆ ಪರದೆ ಕೂರುವ ಚೌಕಟ್ಟಿನದು. ವಿಡಿಯೊಗಳಲ್ಲಿ ಆ ಭಾಗವನ್ನೇ ವೇಗವಾಗಿ ಓಡಿಸಿಬಿಡುತ್ತಾರೆ, ನೋಡುವುದಕ್ಕೆ ಬೇಸರ ಅಂತ.

ಮೊದಲು ಒಡೆದದ್ದು ಏನು ಎಂದು ತಿಳಿಯಬೇಕು. ಮೇಲಿನ ಗಾಜು, ಅದರಡಿಯ ಟಚ್, ಅದರಡಿಯ ಚಿತ್ರ ಮೂಡುವ ಫಲಕ ಮೂರೂ ಒಂದಕ್ಕೊಂದು ಅಂಟಿಕೊಂಡು ಒಂದೇ ಹಲಗೆಯಾಗಿರುತ್ತವೆ. ಗಾಜು ಬಿರುಕು ಬಿಟ್ಟು ಚಿತ್ರವೂ ಟಚ್ಚೂ ಸರಿಯಾಗಿದ್ದರೆ ಗಾಜು ಮಾತ್ರ ಹೋಗಿದೆ. ಶಾಯಿ ಚೆಲ್ಲಿದಂತೆ ಕಪ್ಪು ಕಲೆ ಹರಡುತ್ತಿದ್ದರೆ ಫಲಕವೇ ಹೋಗಿದೆ. ಮುಟ್ಟದೆಯೇ ತಾನಾಗಿ ಆ್ಯಪ್ ತೆರೆದುಕೊಳ್ಳುತ್ತಿದ್ದರೆ, ಒಂದು ಪಟ್ಟಿಯಷ್ಟು ಜಾಗ ಬೆರಳಿಗೆ ಸ್ಪಂದಿಸದಿದ್ದರೆ ಟಚ್ ಹೋಗಿದೆ. ಎಲ್ಲ ಕಪ್ಪು, ಆದರೆ ಕರೆ ಬಂದರೆ ರಿಂಗಾಗುತ್ತದೆ ಎಂದಾದರೆ ಕತ್ತಲೆ ಕೋಣೆಯಲ್ಲಿ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಹಿಡಿಯುತ್ತೇನೆ. ಎಲ್‌ಸಿಡಿ, ಅಂದರೆ ಹಿಂದೆ ಬೇರೆ ದೀಪ ಉರಿದು ಚಿತ್ರ ಕಾಣಿಸುವ ಪರದೆಯ ಫೋನಾಗಿದ್ದು ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಹಿಂಬೆಳಕು. ಆ ದೋಷ ಪರದೆಯಲ್ಲೂ ಇರಬಹುದು, ಫೋನಿನ ಸರ್ಕ್ಯೂಟ್ ಬೋರ್ಡಿನಲ್ಲೂ ಇರಬಹುದು. ಬೋರ್ಡಿನದಾದರೆ ಹೊಸ ಪರದೆ ಹಾಕಿಯೂ ಕತ್ತಲೆಯೇ.

ಗಾಜು ಮಾತ್ರ ಒಡೆದಿದ್ದರೆ ಅದೊಂದನ್ನೇ ಬದಲಿಸಬಹುದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಬದಲಿಸಬಹುದು, ಮನೆಯಲ್ಲಿ ಅಲ್ಲ. ಬಿಸಿ ತಟ್ಟೆಯ ಮೇಲಿಟ್ಟು ಕೂದಲಿನಷ್ಟು ಸಣ್ಣ ತಂತಿಯಿಂದ ಗಾಜನ್ನು ಕೊಯ್ದು ಬಿಡಿಸಬೇಕು, ಉಳಿದ ಅಂಟನ್ನು ಒರೆಸಬೇಕು, ಪಾರದರ್ಶಕ ಅಂಟಿನ ಹಾಳೆ ಇಟ್ಟು ನಿರ್ವಾತ ಯಂತ್ರದಲ್ಲಿ ಒತ್ತಬೇಕು, ಒಳಗೆ ಸಿಕ್ಕ ಗುಳ್ಳೆಯನ್ನು ಗಾಳಿಯ ಒತ್ತಡದಲ್ಲಿ ಓಡಿಸಬೇಕು. ಆ ಯಂತ್ರಗಳಿರುವ ಅಂಗಡಿಗಳು ಇವೆ. ದುಬಾರಿ ಪರದೆಯ ಫೋನಾಗಿದ್ದರೆ ಅಲ್ಲಿಗೇ ಹೋಗಿ ಎನ್ನುತ್ತೇನೆ. ಸಾಮಾನ್ಯ ಫೋನಿಗೆ ಇಡೀ ಹಲಗೆಯನ್ನೇ ಬದಲಿಸುವುದು ಲೇಸು. ಅಂಗಡಿಯವರು ಅದನ್ನು ಕಾಂಬೋ ಎನ್ನುತ್ತಾರೆ, ಕೆಲವರು ಫೋಲ್ಡರ್ ಎನ್ನುತ್ತಾರೆ.

ಬಿಚ್ಚುವ ಮುನ್ನ ಒಳಗಿರುವುದನ್ನು ಉಳಿಸಿಕೊಳ್ಳಬೇಕು. ಚಿತ್ರ ಕಾಣುತ್ತಿದ್ದು ಟಚ್ ಮಾತ್ರ ಸತ್ತಿದ್ದರೆ ಚಾರ್ಜರ್ ಚುಚ್ಚುವ ತೂತಿಗೆ ಓಟಿಜಿ ಎಂಬ ಸಣ್ಣ ಕನೆಕ್ಟರ್ ಹಾಕಿ ಅದಕ್ಕೆ ಕಂಪ್ಯೂಟರ್ ಮೌಸ್ ಚುಚ್ಚಿದರೆ ಸಾಕು, ಪರದೆಯ ಮೇಲೆ ಬಾಣ ಮೂಡುತ್ತದೆ. ಅದರಿಂದಲೇ ಪಿನ್ ಒತ್ತಿ, ಫೋಟೊ, ಸಂಪರ್ಕ ಸಂಖ್ಯೆ, ವಾಟ್ಸ್‌ಆ್ಯಪ್ ಎಲ್ಲದರ ಬ್ಯಾಕಪ್ ತೆಗೆಯಬಹುದು. ಇಷ್ಟು ಸುಲಭದ ಉಪಾಯ ಇಷ್ಟು ಜನಕ್ಕೆ ಗೊತ್ತಿಲ್ಲವೆಂಬುದು ನನಗೆ ಇವತ್ತಿಗೂ ಆಶ್ಚರ್ಯ. ನಾನು ಮನೆಯಲ್ಲೇ ಮಾಡುವುದಕ್ಕೆ ದುಡ್ಡಿಗಿಂತ ದೊಡ್ಡ ಕಾರಣವೂ ಇಲ್ಲೇ ಇದೆ. ರಿಪೇರಿಗೆ ಕೊಡುವಾಗ "ಲಾಕ್ ಹೇಳಿ" ಎಂದು ಕೇಳುತ್ತಾರೆ, ನಾವು ಹೇಳಿಬಿಡುತ್ತೇವೆ. ಮನೆಯ ಬೀಗದ ಕೈಯನ್ನು ಹಾಗೆ ಕೊಡುತ್ತೇವೆಯೇ? ಸ್ಯಾಮ್‌ಸಂಗ್‌ನ ಈಚಿನ ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್ ಎಂಬ ಸೌಲಭ್ಯವಿದೆ. ಅದನ್ನು ಹಾಕಿಕೊಟ್ಟರೆ ರಿಪೇರಿಯವರಿಗೆ ನಿಮ್ಮ ಫೋಟೊ, ಸಂದೇಶ ಕಾಣುವುದಿಲ್ಲ. ಟಚ್ ಕೆಲಸ ಮಾಡುತ್ತಿರುವಾಗಲೇ ಅದನ್ನು ಹಾಕಬೇಕು, ಅಷ್ಟೇ.

ಕಾಂಬೋ ಕೊಳ್ಳುವುದು ತಾಳ್ಮೆಯ ವ್ಯವಹಾರ. ಫೋನಿನ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಕೊನೆಗೆ ಪ್ರೊ, ಎಸ್, 5ಜಿ ಎಂಬ ಬಾಲ ಬಂದರೆ ಪರದೆಯೇ ಬೇರೆಯಾಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಒತ್ತಿದರೆ ಸಿಗುವ ಮಾಡೆಲ್ ನಂಬರನ್ನು ಕಾಗದದಲ್ಲಿ ಬರೆದುಕೊಂಡು ಹೋಗುತ್ತೇನೆ. ಕೋಲಾರದ ಅಂಗಡಿಗಳಲ್ಲಿ ಹೆಚ್ಚು ಓಡುವ ಮಾಡೆಲುಗಳದು ಸಿಗುತ್ತದೆ. ಸಿಗದಿದ್ದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆ ಇದ್ದೇ ಇದೆ, ಹೇಗೂ ತಾಮ್ರದ ತಂತಿಗೆ ಆ ಕಡೆ ಹೋಗುವವನೇ ನಾನು. ಅಲ್ಲಿ ಒಂದೇ ಫೋನಿಗೆ ಮೂರು ನಾಲ್ಕು ದರ್ಜೆಯ ಕಾಂಬೋ ತೆಗೆದು ಇಡುತ್ತಾರೆ. ಕಾಪಿ ಎನ್ನುವುದು ಅಗ್ಗ. ಬಿಸಿಲಿನಲ್ಲಿ ಮಂಕು, ಟಚ್ ಸ್ವಲ್ಪ ತಡ. ಓಜಿ ಎನ್ನುವುದು ಅದಕ್ಕಿಂತ ಮೇಲು. ಒರಿಜಿನಲ್ ಎಂಬ ಮಾತಿಗೆ ಅಲ್ಲಿ ಅಷ್ಟು ಬೆಲೆ ಕೊಡಬೇಡಿ, ಎಲ್ಲವೂ ಒರಿಜಿನಲ್ಲೇ. ನಾನು ಮಾಡುವುದು ಇಷ್ಟು: ಅಂಗಡಿಯ ಕೌಂಟರಿನಲ್ಲೇ ಜೋಡಿಸಿ ತೋರಿಸಲು ಕೇಳುತ್ತೇನೆ, ಬೆಳಕನ್ನು ಪೂರ್ತಿ ಏರಿಸಿ ಬಾಗಿಲ ಬಳಿ ಬಿಸಿಲಿಗೆ ಹಿಡಿಯುತ್ತೇನೆ. ತೋಟದಲ್ಲಿ ನಿಂತು ಫೋನು ನೋಡುವವನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಡ. ಎಲ್‌ಸಿಡಿ ಪರದೆಯ ಸಾಮಾನ್ಯ ಫೋನಿಗೆ ನಾನು ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಕೊಟ್ಟಿದ್ದೇನೆ.

ಕಾಂಬೋ ಮೇಲೆ ಅಂಗಡಿಯವರು ಒಂದು ಸಣ್ಣ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದು ಕಿತ್ತರೆ, ಅಂಚಿಗೆ ಅಂಟು ತಾಗಿದ ಗುರುತು ಕಂಡರೆ ವಾಪಸ್ ಇಲ್ಲ. ಅವರ ಕಡೆಯಿಂದ ನೋಡಿದರೆ ನ್ಯಾಯವೇ. ಆದ್ದರಿಂದ ಅಂಟು ಹಾಕುವ ಮೊದಲೇ ಎಲ್ಲ ಪರೀಕ್ಷೆ ಮುಗಿಯಬೇಕು.

ಅಮೋಲೆಡ್ ಪರದೆಯ ಫೋನಿಗೆ ಒಂದು ಮಾತು. ಅಗ್ಗಕ್ಕೆ ಸಿಗುತ್ತದೆಂದು ಅದಕ್ಕೆ ಎಲ್‌ಸಿಡಿ ಕಾಂಬೋ ಹಾಕುವವರಿದ್ದಾರೆ. ಹಾಕಿದರೆ ಚಿತ್ರ ಬರುತ್ತದೆ, ಕರೆಯೂ ಹೋಗುತ್ತದೆ. ಆದರೆ ಅಮೋಲೆಡ್‌ನಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುವುದರಿಂದ ಕಪ್ಪು ನಿಜವಾದ ಕಪ್ಪಾಗಿರುತ್ತದೆ. ಎಲ್‌ಸಿಡಿಯಲ್ಲಿ ಹಿಂಬೆಳಕು ಯಾವಾಗಲೂ ಉರಿಯುವುದರಿಂದ ಅದೇ ಕಪ್ಪು ಬೂದಿಯಾಗುತ್ತದೆ. ಪರದೆಯ ಒಳಗೇ ಬೆರಳಚ್ಚು ಓದುವ ಫೋನಾಗಿದ್ದರೆ ಆ ಸೌಲಭ್ಯ ಹೋಗುತ್ತದೆ, ಏಕೆಂದರೆ ಹಿಂಬೆಳಕಿನ ಪದರ ದಾಟಿ ಬೆರಳು ಆ ಸಂವೇದಕಕ್ಕೆ ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಎಲ್‌ಸಿಡಿ ಹಲಗೆ ದಪ್ಪ. ತೆಳು ಹಲಗೆಗಾಗಿ ಕೊರೆದ ಚೌಕಟ್ಟಿನಲ್ಲಿ ದಪ್ಪದ್ದನ್ನು ಕೂರಿಸಿದರೆ ಅಂಚು ಮೇಲೆದ್ದು ನಿಲ್ಲುತ್ತದೆ, ಜೇಬಿನ ಮೊದಲ ಒತ್ತಡಕ್ಕೇ ಮೂಲೆ ಬಿಡುತ್ತದೆ.

ಇನ್ನು ಮೇಜು. ಕೆಳಗೆ ಹಳೆಯ ಬಿಳಿ ಪಂಚೆ ಹಾಸುತ್ತೇನೆ, ಜಾರಿದ ಸ್ಕ್ರೂ ಅದರ ಮೇಲೆ ಉರುಳದೆ ನಿಲ್ಲುತ್ತದೆ. ಸಣ್ಣ ಸ್ಕ್ರೂಡ್ರೈವರುಗಳ ಸೆಟ್ಟು, ಪ್ಲಾಸ್ಟಿಕ್ ಮೀಟುಕಡ್ಡಿ, ಚಿಮಟ, ಐಸೊಪ್ರೊಪೈಲ್ ಆಲ್ಕೊಹಾಲ್, ಬಿ-7000 ಅಂಟು, ರಬ್ಬರ್ ಬ್ಯಾಂಡು, ಮಗಳ ಹೇರ್ ಡ್ರೈಯರ್. ನನ್ನ ಬಳಿ ಹಾಟ್ ಏರ್ ಗನ್ ಇದೆ, ತಂತಿಯ ಮೇಲಿನ ಪ್ಲಾಸ್ಟಿಕ್ ತೋಳು ಕುಗ್ಗಿಸಲು ಬಳಸುವುದು. ನೂರಾರು ಡಿಗ್ರಿ ಉಗುಳುವ ಅದನ್ನು ಫೋನಿನ ಹತ್ತಿರ ತರುವುದಿಲ್ಲ. ಗಾಜು ಮತ್ತು ಚೌಕಟ್ಟಿನ ನಡುವೆ ತೂರಿಸಲು ಎಲ್ಲಕ್ಕಿಂತ ಚೆನ್ನಾಗಿ ಒದಗುವುದು ಹಳೆಯ ಎಕ್ಸ್‌ರೇ ಫಿಲ್ಮು. ಅಮ್ಮನ ಮಂಡಿಯ ಎಕ್ಸ್‌ರೇಯಿಂದ ಕತ್ತರಿಸಿದ ತುಂಡುಗಳು ನನ್ನ ಡಬ್ಬಿಯಲ್ಲಿವೆ. ತೆಳು, ಬಾಗುತ್ತದೆ, ಮುರಿಯುವುದಿಲ್ಲ, ಲೋಹದಂತೆ ಗೀರುವುದೂ ಇಲ್ಲ. ಕಣ್ಣಿಗೆ ಕನ್ನಡಕ ಕಡ್ಡಾಯ. ನನಗೆ ಚಾಳೀಸಿನ ಕನ್ನಡಕ ಹೇಗೂ ಇದೆ. ಅದೂ ಸಾಲದ ಕಡೆ ಪಿಯುಸಿ ಓದುವ ಮಗಳು ಕೂರುತ್ತಾಳೆ. ಒಡೆದ ಗಾಜಿನ ಮೇಲೆ ಅಗಲದ ಪ್ಯಾಕಿಂಗ್ ಟೇಪನ್ನು ಮೊದಲೇ ಅಂಟಿಸಿಬಿಟ್ಟರೆ ಚೂರು ಹಾರುವುದಿಲ್ಲ.

ಚಾರ್ಜು ಕಾಲು ಭಾಗಕ್ಕಿಂತ ಕೆಳಗಿಳಿಯುವವರೆಗೆ ಕಾಯುತ್ತೇನೆ. ತುಂಬಿದ ಲಿಥಿಯಂ ಬ್ಯಾಟರಿಗೆ ಅಕಸ್ಮಾತ್ ಪೆಟ್ಟಾದರೆ ಹೊರಬರುವ ಉರಿಯೂ ಅಷ್ಟು ದೊಡ್ಡದು. ಫೋನು ಆಫ್ ಮಾಡಿ ಸಿಮ್ ತಟ್ಟೆ ಹೊರತೆಗೆಯಬೇಕು. ತಟ್ಟೆ ಒಳಗೇ ಇದ್ದರೆ ಮುಚ್ಚಳವಾಗಲಿ ಬೋರ್ಡಾಗಲಿ ಮೇಲೇಳದೆ ಹಟ ಹಿಡಿಯುತ್ತದೆ.

ಹಿಂದಿನ ಮುಚ್ಚಳದ ಅಂಚಿಗೆ ಹೇರ್ ಡ್ರೈಯರ್ ಹಿಡಿದು, ಕೈ ಇಟ್ಟರೆ ಸಹಿಸಬಹುದಾದಷ್ಟು, ಆದರೆ ಬಹಳ ಹೊತ್ತು ಇಡಲಾಗದಷ್ಟು ಬಿಸಿ ಮಾಡಿ ಫಿಲ್ಮ್ ತೂರಿಸಿ ಸುತ್ತ ಎಳೆಯುತ್ತೇನೆ. ಬೆನ್ನ ಮೇಲೆ ಬೆರಳಚ್ಚಿನ ಗುಂಡಿ ಇರುವ ಫೋನಾದರೆ ಮುಚ್ಚಳವನ್ನು ಒಮ್ಮೆಗೇ ಎತ್ತಬಾರದು. ತಂತಿಯ ಬದಲಿಗಿರುವ ಅದರ ತೆಳು ಪಟ್ಟಿ ಮುಚ್ಚಳದಿಂದ ಬೋರ್ಡಿಗೆ ಹೋಗಿರಬಹುದು. ಪುಸ್ತಕದ ರಟ್ಟಿನ ಹಾಗೆ ಒಂದು ಕಡೆಯಿಂದ ತೆರೆದು ಒಳಗೆ ಇಣುಕಬೇಕು.

ಒಳಗಿನ ಸ್ಕ್ರೂಗಳೆಲ್ಲ ನೋಡಲು ಒಂದೇ ಥರ, ಉದ್ದ ಮಾತ್ರ ಬೇರೆ ಬೇರೆ. ಗಿಡ್ಡ ಸ್ಕ್ರೂ ಇದ್ದ ತೂತಿಗೆ ಉದ್ದದ್ದನ್ನು ತಿರುಗಿಸಿದರೆ ಅದರ ಮೊನೆ ಬೋರ್ಡಿನ ಪದರಗಳನ್ನೇ ಕೊರೆಯುತ್ತದೆ, ಆಮೇಲೆ ಆ ಫೋನು ಯಾರಿಂದಲೂ ಏಳುವುದಿಲ್ಲ. ಕಾಗದದ ಮೇಲೆ ಫೋನಿನ ಆಕಾರ ಬರೆದು, ಯಾವ ತೂತಿನ ಸ್ಕ್ರೂ ಆ ಜಾಗದಲ್ಲೇ ಎರಡು ಬದಿ ಅಂಟುವ ಟೇಪಿನ ಮೇಲೆ ನಿಲ್ಲಿಸುತ್ತೇನೆ. ಈ ಲೆಕ್ಕ ಇಡುವುದು ಮಗಳ ಖಾತೆ. "ಅಪ್ಪಾ, ಬಲಗಡೆ ಮೇಲಿನದು ಇನ್ನೂ ಬಂದಿಲ್ಲ" ಎಂದು ಅವಳು ಹೇಳಿದರೆ ಹುಡುಕಲೇಬೇಕು.

ರಕ್ಷಣಾ ತಗಡು ತೆಗೆದೊಡನೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರನ್ನು ಪ್ಲಾಸ್ಟಿಕ್ ಮೀಟುಕಡ್ಡಿಯಿಂದ ನೇರ ಮೇಲಕ್ಕೆ ಎತ್ತುವುದು. ಉಳಿದ ಯಾವುದನ್ನೂ ಅದಕ್ಕೆ ಮುಂಚೆ ಮುಟ್ಟುವಂತಿಲ್ಲ. ಆಫ್ ಮಾಡಿದ್ದೇವಲ್ಲ ಎಂದರೆ ಆಗದು, ಆಫ್ ಆದ ಫೋನಿನ ಬೋರ್ಡಿನಲ್ಲೂ ಬ್ಯಾಟರಿಯ ಕರೆಂಟು ನಿಂತೇ ಇರುತ್ತದೆ. ಎಲ್‌ಸಿಡಿಯ ಹಿಂಬೆಳಕಿನ ದೀಪಗಳು ಸಾಲಾಗಿ ಜೋಡಿಸಿದವು. ಅವುಗಳಿಗೆ ಬ್ಯಾಟರಿಯ ನಾಲ್ಕು ವೋಲ್ಟು ಸಾಲದೆ ಬೋರ್ಡಿನ ಸರ್ಕ್ಯೂಟು ಅದನ್ನು ಹಲವು ಪಟ್ಟು ಏರಿಸಿ ಕೊಡುತ್ತದೆ. ಬ್ಯಾಟರಿ ಜೋಡಿಸಿದ್ದಾಗಲೇ ಪರದೆಯ ಪಟ್ಟಿಯನ್ನು ಓರೆಯಾಗಿ ಒತ್ತಿದರೆ ಪಕ್ಕದ ಪಿನ್ನುಗಳು ಕೂಡಿ ಆ ಸರ್ಕ್ಯೂಟೇ ಸುಡುತ್ತದೆ. "ಹೊಸ ಕಾಂಬೋ ಹಾಕಿದೆ, ಬೆಳಕು ಬರುತ್ತಿಲ್ಲ" ಎಂದು ನನ್ನಲ್ಲಿಗೆ ಬಂದ ಫೋನುಗಳಲ್ಲಿ ಕೆಲವಕ್ಕೆ ಆಗಿದ್ದು ಇದೇ. ಲೈನ್ ತೆಗೆಯದೆ ಸ್ಟಾರ್ಟರ್ ಬಿಚ್ಚುವವರನ್ನು ಕಂಡವನು ನಾನು. ಚಿಕ್ಕ ವಸ್ತುವಾದರೂ ನಿಯಮ ಒಂದೇ.

ಈಗ ಹಳೆಯ ಪರದೆ ಚೌಕಟ್ಟಿನಲ್ಲೇ ಇರಲಿ. ಅದರ ಪಟ್ಟಿಯನ್ನು ಮಾತ್ರ ಬಿಡಿಸಿ, ಹೊಸ ಕಾಂಬೋದ ಪಟ್ಟಿ ಎಟುಕುವಷ್ಟು ಉದ್ದವಿದ್ದರೆ ಪಕ್ಕದಿಂದ ಬಳಸಿ ತಂದು ಜೋಡಿಸಿ, ಆಮೇಲೆ ಬ್ಯಾಟರಿ ಜೋಡಿಸಿ ಫೋನು ಎಬ್ಬಿಸುತ್ತೇನೆ. ಸ್ಯಾಮ್‌ಸಂಗ್ ಆದರೆ ಡಯಲರಿನಲ್ಲಿ *#0*# ಒತ್ತಿದರೆ, ಶಿಯೋಮಿಯ ಫೋನಾದರೆ *#*#6484#*#* ಒತ್ತಿದರೆ ಪರೀಕ್ಷೆಯ ಪುಟ ತೆರೆಯುತ್ತದೆ. ಕೆಂಪು, ಹಸಿರು, ನೀಲಿ, ಬಿಳಿ ಒಂದೊಂದಾಗಿ ತುಂಬಿಸಿ ಸತ್ತ ಚುಕ್ಕೆ ಇದೆಯೇ ನೋಡುತ್ತೇನೆ. ಬೇರೆ ಆಂಡ್ರಾಯ್ಡ್ ಫೋನುಗಳಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿ ಡೆವಲಪರ್ ಆಯ್ಕೆಗಳಲ್ಲಿ ಪಾಯಿಂಟರ್ ಲೊಕೇಶನ್ ಹಾಕಿದರೆ ಬೆರಳು ಹೋದ ದಾರಿಯಲ್ಲೆಲ್ಲ ಗೆರೆ ಮೂಡುತ್ತದೆ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಒತ್ತೊತ್ತಾಗಿ ಗೆರೆ ಎಳೆಯಬೇಕು. ಎಲ್ಲಿ ಗೆರೆ ತುಂಡಾಯಿತೋ ಅಲ್ಲಿ ಟಚ್ ಇಲ್ಲ. ಈ ಹೊತ್ತಿನಲ್ಲಿ ಸಣ್ಣ ಅನುಮಾನ ಬಂದರೂ ಕಾಂಬೋ ಡಬ್ಬಿಗೆ ಹಿಂತಿರುಗುತ್ತದೆ. ಎಲ್ಲ ಸರಿಯಿದ್ದರೆ ಫೋನು ಆಫ್ ಮಾಡಿ ಮತ್ತೆ ಬ್ಯಾಟರಿ ಬಿಡಿಸಿ ಮುಂದಕ್ಕೆ.

ಹಳೆಯ ಪರದೆ ಕೀಳುವುದಕ್ಕೆ ವಿಶೇಷವೇನಿಲ್ಲ. ಬಿಸಿ ಮಾಡುವುದು, ಫಿಲ್ಮ್ ತೂರಿಸುವುದು, ಸ್ವಲ್ಪ ಆಲ್ಕೊಹಾಲ್ ಹನಿಸುವುದು, ಮತ್ತೆ ಬಿಸಿ ಮಾಡುವುದು. ಬ್ಯಾಟರಿ ಇರುವ ಜಾಗದ ಮೇಲೆ ಬಿಸಿಗಾಳಿ ನಿಲ್ಲಬಾರದು, ಫಿಲ್ಮನ್ನು ಬಹಳ ಆಳಕ್ಕೆ ತಳ್ಳಬಾರದು.

ಪರದೆ ಬಂದ ಮೇಲೆ ಉಳಿಯುವುದೇ ಚೌಕಟ್ಟು. ನೋಡಿದರೆ ಹೇಸಿಗೆಯಾಗುತ್ತದೆ. ಸುತ್ತಲೂ ಕಪ್ಪು ಅಂಟಿನ ಸಿಬಿರು, ಅದರಲ್ಲಿ ಹೂತ ಗಾಜಿನ ಪುಡಿ, ಕಿವಿಗೆ ಇಡುವ ಸ್ಪೀಕರಿನ ಜಾಲರಿಯಲ್ಲಿ ನಮ್ಮ ಊರಿನ ಕೆಮ್ಮಣ್ಣು. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಸಾಸಿವೆಯ ಕಾಲು ಭಾಗದಷ್ಟು ಗಾಜಿನ ಚೂರು ಅಂಚಿನಡಿ ಉಳಿದರೂ ಹೊಸ ಗಾಜಿನ ಭಾರವೆಲ್ಲ ಆ ಒಂದು ಬಿಂದುವಿನ ಮೇಲೆ ಕೂರುತ್ತದೆ. ಫೋನಿನ ಗಾಜಿನ ಮೇಲ್ಮೈಯನ್ನು ಬಿಸಿ ಪೊಟ್ಯಾಸಿಯಂ ಲವಣದಲ್ಲಿ ಅದ್ದಿ ಬಿಗಿಗೊಳಿಸಿರುತ್ತಾರೆ. ಗಾಜಿನೊಳಗಿನ ಸಣ್ಣ ಸೋಡಿಯಂ ಅಯಾನುಗಳ ಜಾಗಕ್ಕೆ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಸೇರಿ ಮೇಲ್ಪದರ ತನ್ನನ್ನು ತಾನೇ ಒತ್ತಿಕೊಂಡು ನಿಲ್ಲುತ್ತದೆ. ಹಾಗಾಗಿ ಗಾಜಿನ ಮುಖ ಗಟ್ಟಿ. ದುರ್ಬಲವಾದದ್ದು ಅಂಚು ಮತ್ತು ಬಾಗಿದಾಗ ಹಿಗ್ಗುವ ಮೈ. ಕೆಳಗೆ ಚೂರು ಸಿಕ್ಕಿಕೊಂಡರೆ ಗಾಜು ಸದಾ ಬಾಗಿಯೇ ಇರುತ್ತದೆ. "ಬೀಳಲೇ ಇಲ್ಲ ಅಣ್ಣಾ, ಮೇಜಿನ ಮೇಲೆ ಇಟ್ಟಲ್ಲೇ ಬಿರುಕು ಬಿಟ್ಟಿತು" ಎನ್ನುವ ದೂರು ಬಂದರೆ ನಾನು ಮೊದಲು ಹುಡುಕುವುದು ಆ ಚೂರನ್ನೇ.

ಅಂಟನ್ನು ಬಿಸಿ ಮಾಡಿ ಮೆತ್ತಗಾಗಿಸಿ, ಬಿದಿರಿನ ಕಡ್ಡಿಯನ್ನು ಉಳಿಯಂತೆ ಚಪ್ಪಟೆ ಕೆತ್ತಿ ಅದರಿಂದ ಕೆರೆಯುತ್ತೇನೆ. ಬ್ಲೇಡು ಬೇಗ ಕೆರೆಯುತ್ತದೆ ನಿಜ, ಜೊತೆಗೆ ಚೌಕಟ್ಟಿನ ತುಟಿಯನ್ನೂ ಕೆರೆಯುತ್ತದೆ. ಮೂಲೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಆಲ್ಕೊಹಾಲ್ ಅದ್ದಿದ ಹತ್ತಿ. ಜಾಲರಿಯನ್ನು ಒಣ ಬ್ರಷ್ಷಿನಿಂದ ಉಜ್ಜಬೇಕು, ದ್ರವ ಹಾಕಿದರೆ ಮಣ್ಣು ಕೆಸರಾಗಿ ಸ್ಪೀಕರಿಗೆ ಇಳಿಯುತ್ತದೆ. ಕರೆಯಲ್ಲಿದ್ದಾಗ ಪರದೆ ಆರಿಸುವ ಸಂವೇದಕದ ಸುತ್ತ ಒಂದು ಸಣ್ಣ ರಬ್ಬರ್ ಬಳೆ ಇದ್ದರೆ ಅದು ಕಸದ ಜೊತೆ ಹೋಗಲು ಬಿಡಬಾರದು. ಹೋದರೆ ಸಂವೇದಕ ಬಿಡುವ ಬೆಳಕು ಗಾಜಿಗೆ ಬಡಿದು ಅದಕ್ಕೇ ಮರಳಿ, ಕರೆ ಮುಗಿದರೂ ಪರದೆ ಕಪ್ಪಾಗಿಯೇ ಇರುತ್ತದೆ.

ಶುಚಿಯಾದ ಮೇಲೆ ನೇರ ಇದೆಯೇ ಎಂಬ ಪ್ರಶ್ನೆ. ಇಲ್ಲಿ ನನ್ನ ಕಸುಬು ಕೈಹಿಡಿಯಿತು. ಉಕ್ಕಿನ ಅಳತೆಪಟ್ಟಿಯನ್ನು ಚೌಕಟ್ಟಿನ ಮೇಲೆ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಹಿಡಿದರೆ ಸಂದಿಯಲ್ಲಿ ಬೆಳಕು ಸೋರುತ್ತದೆ. ಬೇರಿಂಗ್ ಕೂರುವ ಜಾಗ ಅಳೆಯುವ ಫೀಲರ್ ಗೇಜಿನ ತೆಳು ಎಲೆಯನ್ನು ಆ ಸಂದಿಗೆ ತೂರಿಸಿ ಎಷ್ಟು ಬಾಗಿದೆ ಎಂದು ನೋಡುತ್ತೇನೆ. ಬಿದ್ದ ಫೋನಿನಲ್ಲಿ ಒಂದಾದರೂ ಮೂಲೆ ಒಳಕ್ಕೆ ಚಪ್ಪಟೆಯಾಗಿರುತ್ತದೆ. ಅಲ್ಯೂಮಿನಿಯಂ ಚೌಕಟ್ಟಾದರೆ ಇಕ್ಕಳದ ಬಾಯಿಗೆ ಬಟ್ಟೆಯ ಟೇಪು ಸುತ್ತಿ ಸ್ವಲ್ಪ ಸ್ವಲ್ಪವೇ ಹೊರಕ್ಕೆ ತರುತ್ತೇನೆ, ಉಗುರು ಆಡಿಸಿ ನೋಡುತ್ತೇನೆ, ಮತ್ತೆ ತರುತ್ತೇನೆ. ಪ್ಲಾಸ್ಟಿಕ್ಕಾದರೆ ಬಗ್ಗಿಸಲು ಹೋಗುವುದಿಲ್ಲ. ತೀರಾ ಸೊಟ್ಟಗಾಗಿದ್ದರೆ ಚೌಕಟ್ಟು ಸಹಿತ ಕಾಂಬೋ ಕೊಳ್ಳುವುದೇ ದಾರಿ. ಅದರಲ್ಲಿ ಅಂಟಿನ ಕೆಲಸ ಇಲ್ಲ, ಆದರೆ ಬ್ಯಾಟರಿ, ಬೋರ್ಡು, ಕ್ಯಾಮರಾ, ಗುಂಡಿಗಳ ಪಟ್ಟಿ ಎಲ್ಲವನ್ನೂ ಹೊಸ ಮನೆಗೆ ಸಾಗಿಸಬೇಕು.

ಇದೇ ಹೊತ್ತಿನಲ್ಲಿ ಬ್ಯಾಟರಿಯ ಹೊಟ್ಟೆಯನ್ನೂ ನೋಡಬೇಕು. ಅಳತೆಪಟ್ಟಿ ಅದರ ಮೇಲೆ ತೊಟ್ಟಿಲಾಡಿದರೆ ಬ್ಯಾಟರಿ ಊದಿದೆ ಎಂದು ಅರ್ಥ. ಎಷ್ಟೋ ಫೋನುಗಳಲ್ಲಿ ಪರದೆ ಎದ್ದುಬರಲು ಕಾರಣ ಬಿದ್ದದ್ದಲ್ಲ, ಒಳಗಿನಿಂದ ಬ್ಯಾಟರಿ ತಳ್ಳಿದ್ದು. ಅಂಥದ್ದರ ಮೇಲೆ ಹೊಸ ಪರದೆ ಕೂರಿಸುವುದು ದುಡ್ಡು ಚೆಲ್ಲಿದಂತೆ. ಊದಿದ್ದನ್ನು ಚುಚ್ಚಿ ಗಾಳಿ ಬಿಡುತ್ತೇನೆ ಎನ್ನುವ ಜಾಣರೂ ಇದ್ದಾರೆ. ಅವರಿಂದ ದೂರ ಇರಿ.

ಅಂಟು ಹಾಕದೆ ಹೊಸ ಕಾಂಬೋವನ್ನು ಒಮ್ಮೆ ಚೌಕಟ್ಟಿನಲ್ಲಿ ಮಲಗಿಸುತ್ತೇನೆ. ತನ್ನ ಭಾರಕ್ಕೆ ತಾನೇ ಸುತ್ತಲೂ ಸಮವಾಗಿ ಕೂರಬೇಕು. ಒಂದು ಮೂಲೆ ಒತ್ತಿದರೆ ಎದುರು ಮೂಲೆ ಏಳುತ್ತಿದ್ದರೆ ಅಂಟು ಅದನ್ನು ಸರಿಮಾಡುವುದಿಲ್ಲ, ಮತ್ತೆ ಚೌಕಟ್ಟಿಗೇ ಮರಳಬೇಕು.

ಬಿ-7000 ಪಾರದರ್ಶಕ, ಟಿ-7000 ಕಪ್ಪು. ಅಂಚಿನಲ್ಲಿ ಬೆಳಕು ಸೋರುವ ಫೋನಿಗೆ ಕಪ್ಪು ಒಳ್ಳೆಯದು, ಅಷ್ಟೇ ವ್ಯತ್ಯಾಸ. ಚೌಕಟ್ಟಿನ ತುಟಿಯ ಮೇಲೆ ಸೂಜಿಮೂತಿಯಿಂದ ತೆಳು ಗೆರೆ ಎಳೆದು, ಕೆಲವು ನಿಮಿಷ ಬಿಟ್ಟು, ಅಂಟು ಎಳೆ ಕಟ್ಟುವ ಹದಕ್ಕೆ ಬಂದ ಮೇಲೆ ಪರದೆ ಇಳಿಸುತ್ತೇನೆ. ಸ್ಪೀಕರ್, ಮೈಕ್, ಸಂವೇದಕದ ತೂತುಗಳ ಬಳಿ ಗೆರೆಯನ್ನು ಇನ್ನೂ ತೆಳುವಾಗಿಸಬೇಕು. ಕಿಟಕಿ ತೆರೆದಿರಲಿ, ವಾಸನೆ ತಲೆಗೆ ಏರುತ್ತದೆ. ಫೆವಿಕ್ವಿಕ್‌ನಂಥ ಅಂಟು ಹಾಕಿ ತಂದ ಫೋನುಗಳನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಅದರ ಆವಿ ಗಾಜಿನ ಒಳಮೈಗೆ ಬಿಳಿ ಮಂಜಿನಂತೆ ಹತ್ತುತ್ತದೆ, ಒಣಗಿದ ಮೇಲೆ ಗಾಜಿನಷ್ಟೇ ಬಿರುಸಾಗಿ ಸಣ್ಣ ಪೆಟ್ಟಿಗೂ ಬಿಟ್ಟುಕೊಳ್ಳುತ್ತದೆ, ಮುಂದೆ ಬಿಚ್ಚಬೇಕೆಂದರೆ ಚೌಕಟ್ಟೇ ಕಿತ್ತುಬರುತ್ತದೆ.

ಪರದೆ ಕೂತ ಮೇಲೆ ಸುತ್ತ ರಬ್ಬರ್ ಬ್ಯಾಂಡು ಹಾಕಿ ಮಟ್ಟಸವಾದ ಜಾಗದಲ್ಲಿ ಇಡುತ್ತೇನೆ. ಭಾರ ಹೇರುವ ಅಗತ್ಯವಿಲ್ಲ. ಬಿಗಿ ಕ್ಲಿಪ್ಪು ಹಾಕಿದರೆ ಎಲ್‌ಸಿಡಿಯಲ್ಲಿ ಆ ಜಾಗ ಬಿಳಿ ಕಲೆಯಾಗಿ ಶಾಶ್ವತವಾಗಿ ಉಳಿಯುತ್ತದೆ. ಹೊರಬಂದ ಅಂಟು ಅರೆ ಒಣಗಿದಾಗ ಬೆರಳಲ್ಲಿ ಉಂಡೆ ಕಟ್ಟಿಕೊಂಡು ಬರುತ್ತದೆ. ಕೆಲವು ಗಂಟೆಗಳಲ್ಲಿ ಕೈಗೆ ಎತ್ತಿಕೊಳ್ಳಬಹುದಾದರೂ ಅಂಟು ಪೂರ್ತಿ ಬಲ ಪಡೆಯಲು 24ರಿಂದ 48 ಗಂಟೆ ಬೇಕು. ಬೆಳೆಗಾರರು ಒಪ್ಪದಿರುವುದು ಇದೊಂದಕ್ಕೇ. "ನಾಳೆ ಬೆಳಿಗ್ಗೆ ಮಂಡಿಗೆ ಹೋಗಬೇಕು ಅಣ್ಣಾ, ಈಗಲೇ ಕೊಟ್ಟುಬಿಡಿ." ಅವರಿಗೆಂದೇ ಒಂದು ಹಳೆಯ ಕೀಪ್ಯಾಡ್ ಫೋನು ಇಟ್ಟಿದ್ದೇನೆ. ಸಿಮ್ ಹಾಕಿಕೊಂಡು ಹೋಗಲಿ, ಮೋಟರ್ ಚಾಲೂ ಮಾಡಲು ಅದು ಸಾಕು.

ನಾನು ಮುಟ್ಟದ ಫೋನುಗಳೂ ಇವೆ. ಅಂಚು ಬಾಗಿದ ಅಮೋಲೆಡ್ ಪರದೆಯವು, ಮಡಚುವಂಥವು, ಇನ್ನೂ ವಾರಂಟಿ ಉಳಿದಿರುವವು. ವಾರಂಟಿ ಇರುವ ಫೋನಿನ ಒಂದು ಸ್ಕ್ರೂ ಮೇಲೆ ಸಣ್ಣ ಸ್ಟಿಕ್ಕರ್ ಇರುತ್ತದೆ, ಅದು ಹರಿದರೆ ಕಂಪನಿಯವರು ಒಪ್ಪಲಿಕ್ಕಿಲ್ಲ. ನೀರಿನ ರಕ್ಷಣೆ ಇದೆ ಎಂದು ಕೊಂಡ ಫೋನಿನವರಿಗೂ ಮೊದಲೇ ಹೇಳಿಬಿಡುತ್ತೇನೆ: ಕಾರ್ಖಾನೆಯ ಮುದ್ರೆ ಒಮ್ಮೆ ಬಿಚ್ಚಿದ ಮೇಲೆ ನನ್ನ ಅಂಟಿನ ಗೆರೆಯನ್ನು ನಂಬಿ ಸಂಪಿನ ಬಳಿ ಹೋಗಬೇಡಿ. ಐಫೋನಿನವರಿಗೆ ಇನ್ನೊಂದು ಮಾತು, ಹೊರಗಿನ ಕಾಂಬೋ ಹಾಕಿದರೆ ಅಪರಿಚಿತ ಭಾಗ ಎಂಬ ಸೂಚನೆ ಸೆಟ್ಟಿಂಗ್ಸ್‌ನಲ್ಲಿ ಬರಬಹುದು, ಸುತ್ತಲ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಟ್ರೂ ಟೋನ್ ಕಾಣೆಯಾಗಬಹುದು. ನರಸಾಪುರದಲ್ಲೇ ಜೋಡಿಸಿದ್ದರೂ ಅಷ್ಟೇ.

ತೆಗೆದ ಪರದೆ, ಊದಿದ ಬ್ಯಾಟರಿ ಊರಿನ ಕಸದ ಗಾಡಿಗೆ ಹೋಗುವಂತಿಲ್ಲ. ಗಾಡಿಯೊಳಗೆ ಬ್ಯಾಟರಿ ಜಜ್ಜಿದರೆ ಹೊಗೆ ಏಳುತ್ತದೆ. ಊದಿದ್ದನ್ನು ಕನೆಕ್ಟರಿಗೆ ಟೇಪು ಸುತ್ತಿ, ಒಣ ಮರಳು ತುಂಬಿದ ಡಬ್ಬಿಯಲ್ಲಿ ಮನೆಯ ಹೊರಗೆ ಇಟ್ಟಿರುತ್ತೇನೆ. ಬೆಂಗಳೂರಿಗೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಟ್ಟಿಗೆ ಕೊಟ್ಟು ಬರುತ್ತೇನೆ.

ಪರದೆಯ ಅಂಟು ಒಣಗಿದ ಮೇಲೆ ಕೊನೆಯ ಸಲ ಬ್ಯಾಟರಿ ಜೋಡಿಸಿ, ಕರೆ ಮಾಡಿ ಕಿವಿಗಿಟ್ಟು ಪರದೆ ಆರುತ್ತದೆಯೇ, ಎದುರಿನವರಿಗೆ ಮಾತು ಕೇಳುತ್ತದೆಯೇ, ಮುಂದಿನ ಕ್ಯಾಮರಾದಲ್ಲಿ ಮಂಜಿದೆಯೇ ಎಂದು ನೋಡಿ, ಮುಚ್ಚಳ ಹಾಕುವ ಮೊದಲು ಅದರ ಒಳಮೈ ಮೇಲೆ ಮಾರ್ಕರಿನಲ್ಲಿ ದಿನಾಂಕ, ಕಾಂಬೋದ ದರ್ಜೆ, ಅಂಟಿನ ಹೆಸರು, ಯಾವ ಮೂಲೆ ಸೊಟ್ಟಗಿತ್ತು ಎಂಬುದನ್ನು ಬರೆಯುತ್ತೇನೆ. ಮೋಟರ್ ಸುತ್ತಿದ ಮೇಲೆ ತಂತಿಯ ಗೇಜು, ಸುತ್ತಿನ ಲೆಕ್ಕ ಒಳಗೆ ಬರೆದಿಡುವುದು ನಮ್ಮಲ್ಲಿ ರೂಢಿ. ಮುಂದೆ ಇದನ್ನು ಬಿಚ್ಚುವವನು ನಾನೇ ಆಗಿರಲಿ, ಬೇರೆ ಯಾರೇ ಆಗಿರಲಿ, ಬಿ-7000 ಎಂದು ಓದಿದರೆ ಹೇರ್ ಡ್ರೈಯರ್ ಸಾಕೆಂದು ಅವನಿಗೆ ತಿಳಿಯುತ್ತದೆ, ಅಳತೆಪಟ್ಟಿಯನ್ನು ಮೊದಲು ಯಾವ ಮೂಲೆಗೆ ಇಡಬೇಕೆಂದೂ ತಿಳಿಯುತ್ತದೆ.